ಕೆಂಪು ದಾರದ ಡಬ್ಬಿ

ಇಳಕಲ್ಲಿನ ಬಸಯ್ಯ ತನ್ನ ಆಯುಷ್ಯದಲ್ಲಿ ಮಗ್ಗದ ಸಾಹುಕಾರರಿಗೆ ಎದುರು ನಿಂತಿದ್ದ, ಪೊಲೀಸರ ಲಾಠಿಗೆ ಬೆನ್ನು ಕೊಟ್ಟಿದ್ದ, ಒಮ್ಮೆ ಹುನಗುಂದದಲ್ಲಿ ಸಾಹೇಬರ ಜೀಪಿನ ಮುಂದೆ ಅಡ್ಡ ಮಲಗಿಯೂ ಇದ್ದ (ಜೀಪಿನಲ್ಲಿ ಡೀಸೆಲ್ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು). ಅಂಥ ಗಂಡಸು ಈಗ ಸ್ವಂತ ಅಡುಗೆಮನೆಯಲ್ಲಿ, ಒಂದು ತುಪ್ಪದ ಗಿಂಡಿಯ ಮುಂದೆ, ಕಳ್ಳನ ಹಾಗೆ ನಿಂತಿದ್ದ. ಗಿಂಡಿಯ ಕೊರಳಿಗೆ ಹಸಿರು ದಾರ ಕಟ್ಟಿತ್ತು.

“ಕೈ ತಗೀರಿ!”

ಹಿಂದಿನಿಂದ ಬಂದ ಧ್ವನಿ ಹೆಂಡತಿ ಗುರುಲಿಂಗವ್ವನದು. ಲಾಠಿಗೆ ಅಲುಗದ ಬೆನ್ನು ಆ ಧ್ವನಿಗೆ ಅಲುಗಿತು.

“ನನ್ನ ಮನಿ, ನನ್ನ ಪಗಾರದ ತುಪ್ಪ ಗುರವ್ವಾ. ಬರೇ ಒಂದ ಬೆರಳ ಅದ್ದತೇನಿ.”

“ಪಗಾರ ನಿಮ್ಮದ, ಖರೆ. ಕಿಡ್ನಿ ರಾಚಮಾವಂದು. ಹಸರ ದಾರ ಕಣ್ಣಿಗೆ ಕಾಣೂದಿಲ್ಲೇನು? ನಿಮ್ಮ ಡಬ್ಬಿ ಅಲ್ಲಿ ಸಾಲ್ಕ ನಿಂತಾವಲ್ರಿ ಕೆಂಪ ದಾರ ಕಟಗೊಂಡು. ಶೇಂಗಾ ಹಿಂಡಿ ಐತಿ, ಉಪ್ಪಿನಕಾಯಿ ಐತಿ, ಹಪ್ಪಳ ಐತಿ. ಎಷ್ಟ ಬೇಕ ಅಷ್ಟ ಹೊಡೀರಿ.”

ರಾಚಮಾವ! ಆ ಹೆಸರು ಕೇಳಿದರೆ ಬಸಯ್ಯನ ಕಿವಿಯಲ್ಲಿ ಯಾರೋ ಖಾರದ ಪುಡಿ ಊದಿದಂತಾಗುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ರಾಚಯ್ಯ ಗುರುಲಿಂಗವ್ವನ ಸೋದರಮಾವನ ಮಗ, ಹುನಗುಂದ ಕೋರ್ಟಿನಲ್ಲಿ ನೋಟೀಸು ಜಾರಿ ಮಾಡುವ ಬೇಲಿಫ. ನಮ್ಮ ಕಡೆಯ ಪದ್ಧತಿಯಂತೆ ಅವಳನ್ನು ಮದುವೆಯಾಗುವ ಹಕ್ಕು ಅವನದೇ ಆಗಿತ್ತು. ಮಾತೂ ಆಗಿತ್ತು, ಎಲೆ ಅಡಿಕೆಯೂ ತಂದಾಗಿತ್ತು. ನಡುವೆ ಹಿರಿಯರಲ್ಲಿ ಹೊಲದ ಬದುವಿನ ಜಗಳವೆದ್ದು ಸಂಬಂಧ ಮುರಿಯಿತು; ಆ ಸಂದಿಯಲ್ಲಿ ಬಸಯ್ಯ ನುಗ್ಗಿ ಬಾಸಿಂಗ ಕಟ್ಟಿಕೊಂಡ. ರಾಚಯ್ಯ ಆಮೇಲೆ ಮದುವೆಯೇ ಆಗಲಿಲ್ಲ. ಯಾಕೆ ಆಗಲಿಲ್ಲ? ಈ ಪ್ರಶ್ನೆ ಇಷ್ಟು ದಿನ ಹುನಗುಂದದಲ್ಲಿತ್ತು. ಈಗ ಬಸಯ್ಯನ ಪಡಸಾಲೆಯಲ್ಲಿ ಹಾಸಿಗೆ ಹಾಸಿಕೊಂಡು ಮಲಗಿತ್ತು.

ಆದದ್ದಿಷ್ಟು. ರಾಚಯ್ಯನ ಕಾಲು ಬಾತವು, ಬೆಳಗಾದರೆ ಕಣ್ಣಿನ ಸುತ್ತ ಹೋಳಿಗೆ ಉಬ್ಬಿದ ಹಾಗೆ ಉಬ್ಬತೊಡಗಿತು. ಬಾಗಲಕೋಟೆಯ ಡಾಕ್ಟರು ನೋಡಿ, ಎರಡೂ ಕಿಡ್ನಿ ದಣಿದಿವೆ, ಉಳಿದಷ್ಟನ್ನು ಬಾಯಿ ಕಟ್ಟಿ ಕಾಯ್ದುಕೊಳ್ಳಬೇಕು ಎಂದರು. ಉಪ್ಪು ಬೇಡ, ಶೇಂಗಾ ಬೇಡ, ಬೇಳೆಕಾಳು ಲೆಕ್ಕದ ಮೇಲೆ, ಬಾಳೆಹಣ್ಣು ಟೊಮ್ಯಾಟೊ ಎಳೆನೀರು ಮುಟ್ಟುವುದೇ ಬೇಡ, ಪಲ್ಯೆ ಕುದಿಸಿ ನೀರು ಚೆಲ್ಲಿ ತಿನ್ನಬೇಕು, ಕುಡಿಯುವ ನೀರೂ ಅಳತೆಯದು. ಇಷ್ಟು ಕೇಳಿ ಬಸಯ್ಯನಿಗೂ ಅಯ್ಯೋ ಪಾಪ ಅನಿಸಿತ್ತು. ಆದರೆ ಡಾಕ್ಟರು ಅಲ್ಲಿಗೇ ನಿಲ್ಲಲಿಲ್ಲ. ಮೈಯಲ್ಲಿ ಶಕ್ತಿ ಉಳಿಯಬೇಕಲ್ಲ, ಅದಕ್ಕೆ ಅಕ್ಕಿಯ ಅನ್ನ, ಸಾಬೂದಾನಿ, ತುಪ್ಪ, ಸಕ್ಕರೆ ನಡೆಯುತ್ತದೆ ಎಂದುಬಿಟ್ಟರು.

ತುಪ್ಪ! ಸಕ್ಕರೆ! ರೇಶನ್ ಅಂಗಡಿಯ ಸಾಲಿನಲ್ಲಿ ನಿಂತು ಚೀಲದ ತಳಕ್ಕೆ ಬೀಳುವಷ್ಟು ಸಕ್ಕರೆ ತರುತ್ತಿದ್ದ ಕಾಲ ಅದು. ಅನ್ನವೆಂದರೆ ಹಬ್ಬ, ಉಳಿದ ದಿನ ಜೋಳದ ರೊಟ್ಟಿ. ಹುನಗುಂದದಲ್ಲಿ ಖಾನಾವಳಿ ಊಟದ ಒಂಟಿ ಮನುಷ್ಯ ಪಥ್ಯ ಹೇಗೆ ಮಾಡಿಯಾನು ಎಂದು ಗುರುಲಿಂಗವ್ವ ಅವನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಇಳಕಲ್ಲಿಗೆ ಕರೆತಂದಳು. “ಕಾಲಿನ ಬಾವು ಇಳಿಯೋತನಕ ಇರ್ಲಿ” ಎಂದು ಗಂಡನಿಗೆ ಹೇಳಿದಳು. ಕೇಳಲಿಲ್ಲ, ಹೇಳಿದಳು.

ಬಂದ ಮರುದಿನವೇ ಅವಳು ಮುರ್ತುಜಸಾಬನ ಅಂಗಡಿಗೆ ಹೋಗಿ ಬಿಸ್ಕೀಟಿನ ಪಾಕೀಟನ್ನು ಹೊರಳಿಸಿ ಹೊರಳಿಸಿ ನೋಡಿದಳು.

“ಸಾಬಣ್ಣಾ, ಇದರಾಗ ಉಪ್ಪೆಷ್ಟೈತಿ?”

“ತಂಗೀ, ಕಂಪನಿ ಹೆಸರ ಬರದಾರ, ರೇಟ ಬರದಾರ, ನಗೋ ಕೂಸಿನ ಚಿತ್ರ ತಗದಾರ. ಒಳಗ ಉಪ್ಪೆಷ್ಟೈತಿ, ಸೋಡಾ ಎಷ್ಟೈತಿ, ಅದನ್ನ ಯಾವಾನೂ ಬರದಿಲ್ಲ ನೋಡು.”

“ಮತ್ತ ಜಡ್ಡಿನವ್ರು ಏನ ನೋಡಿ ತಿನ್ಬೇಕು? ಕೂಸಿನ ಮಾರಿ ನೋಡಿ?”

ಕಂಪನಿಯವರು ಬರೆಯದಿದ್ದರೆ ಹೋಗಲಿ, ತಾನೇ ಗುರುತು ಹಾಕುತ್ತೇನೆ ಎಂದುಕೊಂಡು ಅವಳು ಮನೆಗೆ ಬಂದಳು. ಇಳಕಲ್ಲಿನಲ್ಲಿ ಅನ್ನಕ್ಕೆ ಬರ ಬಂದೀತು, ಬಣ್ಣದ ನೂಲಿಗೆ ಬರವಿಲ್ಲ. ಸೆರಗಿಗೆ ಹಾಕಿ ಉಳಿದ ಕೆಂಪು ರೇಷ್ಮೆ, ಅಂಚಿನ ಹಸಿರು ನೂಲು ತಂದು, ಅಡುಗೆಮನೆಯ ಒಂದೊಂದು ಡಬ್ಬಿಯ ಕೊರಳಿಗೂ ಕಟ್ಟಿದಳು. ರಾಚಮಾವನಿಗೆ ನಡೆಯುವಂಥದ್ದಕ್ಕೆ ಹಸಿರು, ನಡೆಯದ್ದಕ್ಕೆ ಕೆಂಪು. ಓದು ಬರಹ ಬಾರದ ನೆರೆಮನೆಯ ದಸ್ತಗೀರಬಿ ಕೂಡ ಇದನ್ನು ಕಲಿತು, ತಾನು ಕಳಿಸುವ ಸೌತೆಕಾಯಿಯ ಬಟ್ಟಲಿಗೂ ಹಸಿರು ದಾರ ಸುತ್ತಿ ಕಳಿಸತೊಡಗಿದಳು. ಓಣಿಯ ಹೆಂಗಸರಿಗೆಲ್ಲ ರಾಚಯ್ಯನ ಕಿಡ್ನಿ ತಮ್ಮ ಸ್ವಂತದ್ದು ಎನಿಸಿಬಿಟ್ಟಿತು.

ಬಸಯ್ಯ ಕೈಮಗ್ಗದ ಸೊಸೈಟಿಯಲ್ಲಿ ಕ್ಲಾರ್ಕ್, ನೇಕಾರರ ಸಂಘದ ಕಾರ್ಯದರ್ಶಿ. ಮೀಸೆ ಮೂಡಿದಂದಿನಿಂದ ಕೆಂಪು ಬಾವುಟ ಹಿಡಿದವನು. ಹುಟ್ಟಿದ್ದು ಜಂಗಮರ ಮನೆಯಲ್ಲಾದರೂ, “ಯಾರೂ ಯಾರ ಕಾಲಿಗೂ ಬೀಳಬ್ಯಾಡ್ರಿ, ನನ್ನ ಕಾಲಿಗಂತೂ ಬೀಳಲೇಬ್ಯಾಡ್ರಿ” ಎಂದು ಭಾಷಣ ಮಾಡುವವನು (ಪ್ರಸಾದಕ್ಕೆ ಕರೆದರೆ ಮಾತ್ರ ತತ್ವವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದ, ಹೋಳಿಗೆಯ ವಿಷಯದಲ್ಲಿ ಅವನು ಉದಾರಿ). ತನ್ನ ಮನೆಯಲ್ಲೇ ಕೆಂಪು ಎಂದರೆ ನಿಷಿದ್ಧ, ಹಸಿರು ಎಂದರೆ ಭೋಗ ಎಂದಾದದ್ದು ಅವನಿಗೆ ರಾಜಕೀಯ ಸಂಚಿನಂತೆ ಕಂಡಿತು.

“ಒಂದ ಮನ್ಯಾಗ ಎರಡ ವರ್ಗ ಮಾಡೀದಿ ನೀ,” ಎಂದು ಒಂದು ಮಧ್ಯಾಹ್ನ ಹೆಂಡತಿಗೆ ಗುಡುಗಿದ. “ಉಂಬೋ ವರ್ಗ ಒಂದು, ನೋಡೋ ವರ್ಗ ಒಂದು.”

“ನಿಮಗೇನ ಕಡಿಮಿ ಆಗೈತಿ?”

“ನನಗೂ ಒಂದ ಡಬ್ಬಿ ಬೇಕು. ನನ್ನ ಹೆಸರಿಂದು. ದಾರ ಕಟ್ಟಿದ್ದು.”

“ಯಾವ ಜಡ್ಡಿಗೆ?”

ಬಸಯ್ಯ ಮೈಯೆಲ್ಲ ಹುಡುಕಿದ, ಒಂದು ಜಡ್ಡೂ ಸಿಗಲಿಲ್ಲ. ದಪ್ಪ ಚರ್ಮದ, ಕಲ್ಲು ತಿಂದು ಕರಗಿಸುವ ದೇಹ ಅವನದು. ಹೊಟ್ಟೆಯಲ್ಲಿದ್ದದ್ದು ಕಿಚ್ಚೊಂದೇ. ಅದಕ್ಕೆ ಬಾಗಲಕೋಟೆಯ ಡಾಕ್ಟರೂ ಪಥ್ಯ ಬರೆಯಲಾರರು.

ತುಪ್ಪವನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಬೆಳಗಿನ ಹೊತ್ತಿನದು. ಬಾವು ಇಳಿದಿದೆಯೋ ಇಲ್ಲವೋ ನೋಡಲು, ಕಾಲಿನ ಹರಡಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಡಬೇಕು, ಬಿದ್ದ ಕುಳಿ ಎಷ್ಟು ಹೊತ್ತಿಗೆ ತುಂಬುತ್ತದೆ ನೋಡಬೇಕು ಎಂದು ಡಾಕ್ಟರು ಹೇಳಿಕೊಟ್ಟಿದ್ದರು. ಗುರುಲಿಂಗವ್ವ ದಿನಾ ರಾಚಯ್ಯನ ಕಾಲು ಒತ್ತಿ, ಬಗ್ಗಿ, ಕುಳಿಯನ್ನೇ ನೋಡುತ್ತ ಕೂರುತ್ತಿದ್ದಳು. ರಾಚಯ್ಯ ಗೋಡೆಗೆ ಒರಗಿ ಚಿನ್ನದ ಹಲ್ಲು ತೋರಿಸಿ ನಗುತ್ತಿದ್ದ.

“ಇವತ್ತ ಹ್ಯಾಂಗೈತಿ ಗುರವ್ವಾ?”

“ನಿನ್ನಿಗಿಂತ ಕಡಿಮಿ ಮಾವಾ. ಆದ್ರ ಇನ್ನೂ ಕುಳಿ ಬೀಳ್ತೈತಿ.”

ಬಸಯ್ಯ ಕಂಬದ ಮರೆಯಲ್ಲಿ ನಿಂತು ಇದನ್ನು ನೋಡಿ, ಮದುವೆಯಾದಾಗಿನಿಂದ ತನ್ನ ಕಾಲಿಗೆ ಈ ಹೆಂಗಸಿನ ಕೈ ತಾಗಿದ್ದು ಯಾವಾಗ ಎಂದು ನೆನಪು ಮಾಡಿಕೊಂಡ. ಒಮ್ಮೆ ತಾಗಿತ್ತು. ಕಸ ಹೊಡೆಯುವಾಗ, “ಕಾಲ ಎತ್ರಿ” ಎನ್ನುತ್ತ, ಅದೂ ಕಸಬರಿಗೆಯ ಮೂಲಕ.

ಆ ಸಂಕಟದಲ್ಲೇ ಅವನಿಗೆ ಜ್ಞಾನೋದಯವಾಯಿತು. ಈ ಮನುಷ್ಯ ಹೋಗುವುದು ಬಾವು ಇಳಿದ ಮೇಲೆ. ಬಾವು ಇಳಿಯುವುದು ಪಥ್ಯದಿಂದ. ಹಾಗಾದರೆ ಪಥ್ಯ ಮುರಿಯದಂತೆ ಸುತ್ತ ಮುಳ್ಳುಬೇಲಿ ಹಾಕಬೇಕು! ಅಲ್ಲಿಯವರೆಗೆ ದಾರಗಳ ಶತ್ರುವಾಗಿದ್ದ ಬಸಯ್ಯ ಅಂದಿನಿಂದ ದಾರಗಳ ದಂಡನಾಯಕನಾದ. ಗುರುಲಿಂಗವ್ವ ಚಿಟಿಕೆ ಉಪ್ಪು ಹಾಕಲು ಹೋದರೆ ಅವನು ಅರ್ಧ ಚಿಟಿಕೆ ಕಿತ್ತುಕೊಂಡ. ಪಲ್ಯೆಯ ನೀರು ಚೆಲ್ಲಿದ್ದಾಳೋ ಇಲ್ಲವೋ ಮೋರಿಗೆ ಹೋಗಿ ನೋಡಿ ಬಂದ. ನೀರಿನ ತಂಬಿಗೆಯ ಮುಂದೆ ಪಿಕೆಟಿಂಗ್ ಕೂತ. ಹೆಬ್ಬೆರಳು ಒತ್ತುವ ಕೆಲಸವನ್ನೂ, “ನಿನಗ ಅಡಗಿ ಕೆಲಸ ಭಾಳ ಐತಿ” ಎಂದು ಹೆಂಡತಿಯಿಂದ ಕಸಿದುಕೊಂಡ. ಅವನು ಒತ್ತಿದರೆ ರಾಚಯ್ಯನ ಕಣ್ಣಲ್ಲಿ ನೀರು ಬರುತ್ತಿತ್ತು.

“ಹಗರಕ ಒತ್ತೋ ಮಾರಾಯಾ, ಕಾಲ ಅದು. ಮಗ್ಗದ ತುಳಿಗಿ ಅಲ್ಲ.”

“ಪೂರಾ ಇಳೀಬೇಕಲ್ರಿ ರಾಚಯ್ಯಾರ. ನಿಮ್ಮೂರಿಗೆ ನೀವು ನಡಕೊಂತ ಹೋಗ್ಬೇಕು.”

“ಎಷ್ಟ ಕಾಳಜಿ ಬೇ!” ಎಂದು ಬಾಗಿಲಲ್ಲಿ ನಿಂತ ದಸ್ತಗೀರಬಿ ಗುರುಲಿಂಗವ್ವನ ಕಿವಿಯಲ್ಲಿ ಹೇಳಿದಳು. “ಒಡಹುಟ್ಟಿದ ತಮ್ಮನೂ ಇಷ್ಟ ಮಾಡಂಗಿಲ್ಲ.” ಗುರುಲಿಂಗವ್ವ ಗಂಡನನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ಬಸಯ್ಯ ಅದನ್ನು ನೋಡಲಿಲ್ಲ, ಅವನ ಕಣ್ಣು ಕುಳಿಯ ಮೇಲಿತ್ತು.

ಬಾವು ಇಳಿಯುತ್ತ ಬಂತು. ಇನ್ನೇನು ಬಾಗಲಕೋಟೆಗೆ ತೋರಿಸಲು ಹೋಗಬೇಕು, ಅಷ್ಟರಲ್ಲಿ ಒಂದು ಕರೆ ಬಂದಿತು. ಸಂಘದ ಸದಸ್ಯ ಶಂಕ್ರಪ್ಪ ಸಾಹುಕಾರನ ಕೂಲಿ ಬಿಟ್ಟು ಸ್ವಂತ ಮಗ್ಗ ಹೂಡಿದ್ದ. ಹೊಸ ಮಗ್ಗದ ಪೂಜೆಗೆ ಬಸಯ್ಯ, ರಾಚಯ್ಯ ಇಬ್ಬರೂ ಜಂಗಮರು ಪ್ರಸಾದಕ್ಕೆ ಬರಬೇಕೆಂದು ಅವನ ತಾಯಿ ಸೋಮವ್ವ ಹಟ ಹಿಡಿದಿದ್ದಳು.

ಇಲ್ಲೊಂದು ಮಾತು ಹೇಳಬೇಕು. ನಮ್ಮಲ್ಲಿ ತಾಟಿಗೆ ಬೀಳುವವರೆಗೆ ಅದು ಅಡುಗೆ, ಬಿದ್ದ ಮೇಲೆ ಪ್ರಸಾದ. ಪ್ರಸಾದವನ್ನು ಬಿಡುವಂತಿಲ್ಲ, ಚೆಲ್ಲುವಂತಿಲ್ಲ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ ತೊಳೆದು ಅದನ್ನೂ ಕುಡಿಯಬೇಕು. ಗುರುಲಿಂಗವ್ವ ಆ ನೀರನ್ನೂ ಅಳತೆಯ ನೀರಿನಲ್ಲೇ ಕಳೆಯುತ್ತಿದ್ದಳು. ಹೀಗಿರುವಾಗ ಪರರ ಮನೆಯಲ್ಲಿ, ದಾರ ಕಟ್ಟದ ಪಾತ್ರೆಗಳ ನಡುವೆ, ರಾಚಯ್ಯನನ್ನು ಬಿಡುವುದೆಂದರೆ ಏನು?

“ನೀವ ಕಾಯ್ಬೇಕು,” ಎಂದು ಗುರುಲಿಂಗವ್ವ ಹಸಿರು ದಾರ ಕಟ್ಟಿದ ಬುತ್ತಿಯನ್ನು ಗಂಡನ ಕೈಗೆ ಕೊಟ್ಟಳು. “ಮಾವಗ ಇದ ಊಟ. ಅವ್ರ ತಾಟಿಗೆ ಬ್ಯಾರೆ ಒಂದ ಅಗಳ ಬೀಳಬಾರ್ದು. ಬಿದ್ರ ಬಿಡಾಕ ಬರೂದಿಲ್ಲ. ಇಷ್ಟ ದಿನದ್ದೆಲ್ಲಾ ಹೊಳ್ಯಾಗ ಹುಣಸಿಹಣ್ಣ ತೊಳದಂಗ ಆಕ್ಕೈತಿ.”

“ನೀ ಚಿಂತಿ ಬಿಡು,” ಎಂದ ಬಸಯ್ಯ. ಇಷ್ಟು ಪ್ರಾಮಾಣಿಕವಾದ ಮಾತನ್ನು ಅವನು ಯಾವ ಮೋರ್ಚಾದಲ್ಲೂ ಆಡಿರಲಿಲ್ಲ.

ದಾರಿಯಲ್ಲಿ ರಾಚಯ್ಯ ನಿಟ್ಟುಸಿರು ಬಿಟ್ಟ. “ನಸೀಬ ಅಂದ್ರ ನಿಂದು ಬಸಯ್ಯಾ.”

“ನಂದಾ?”

“ನಿನ್ನ ತಾಟಿನ್ಯಾಗ ಶೇಂಗಾ ಹಿಂಡಿ ನೋಡಿದ್ರ ನನ್ನ ಕರಳ ಕಿವಚ್ತೈತೋ. ನೀ ಹಪ್ಪಳ ಮುರದಾಗೊಮ್ಮೆ ಇಲ್ಲಿ ನನ್ನ ಎದಿ ಮುರೀತೈತಿ. ನನಗೇನು? ಮುಂಜಾನಿ ತುಪ್ಪ ಸಕ್ರಿ, ಸಂಜಿಕ ಸಕ್ರಿ ತುಪ್ಪ. ಹಲ್ಲ ಬರದ ಕೂಸಿನಂಗ. ಉಪ್ಪಿನ ರುಚಿನ ಮರ್ತೇನಿ. ಆ ಕೆಂಪ ದಾರ ನೋಡ್ಕೊಂತ ಒಂದೊಂದ ಸಲ ಎಷ್ಟ ಸಿಟ್ಟ ಬರ್ತೈತಿ ಅಂತಿ ನಿನ್ನ ಮ್ಯಾಲ!”

ಬಸಯ್ಯ ನಡೆಯುತ್ತಿದ್ದವನು ನಿಂತ. ತಾನು ಹಸಿರಿಗೆ ಉರಿಯುತ್ತಿದ್ದಾಗ ಈತ ಕೆಂಪಿಗೆ ಉರಿಯುತ್ತಿದ್ದನೇ? ಆದರೆ ಹೊಟ್ಟೆಕಿಚ್ಚು ಎಂಬುದು ಇಂಥ ಸಣ್ಣ ತಿಳಿವಳಿಕೆಗೆ ಆರುವ ವಸ್ತುವಲ್ಲ. ತುಪ್ಪ ತಿಂದೂ ಅಳುತ್ತಾನಲ್ಲ ಬಡ್ಡೀಮಗ, ಎಂದು ಅದು ಇನ್ನೊಂದು ಕೊಳ್ಳಿ ಹಾಕಿಕೊಂಡಿತು.

ಶಂಕ್ರಪ್ಪನ ಮನೆಯಲ್ಲಿ ಸಂಘದವರೆಲ್ಲ ನೆರೆದಿದ್ದರು. ಬಸಯ್ಯ ಬುತ್ತಿಯನ್ನು ಶಂಕ್ರಪ್ಪನ ಕೈಗೆ ಕೊಟ್ಟು, “ಅವರ ತಾಟಿಗೆ ಇದೊಂದ. ಮತ್ತೇನರ ನೀಡಿದ್ರ ನಾ ಸುಮ್ನ ಬಿಡಾವಲ್ಲ” ಎಂದು ತಾಕೀತು ಮಾಡಿದ. ಅಷ್ಟರಲ್ಲಿ ಅಂಗಳದಲ್ಲಿ ನಾಲ್ಕು ಜನ ಕೂಲಿ ದರದ ಮಾತು ತೆಗೆದರು. ಕೂಲಿ ದರವೆಂದರೆ ಬಸಯ್ಯನಿಗೆ ಹಳೆಯ ಹುಣ್ಣು. ಕೆರೆಯದೆ ಮುಂದೆ ಹೋಗಲಾರ. ಕೆರೆದು, ಒಂದು ಸಣ್ಣ ಭಾಷಣ ಮುಗಿಸಿ, ಕೈಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಸೋಮವ್ವನಿಗೆ ಕಣ್ಣು ಮಂದ, ಕೈ ಧಾರಾಳ. ಜಂಗಮರು ಬುತ್ತಿ ಕಟ್ಟಿಕೊಂಡು ಬಂದದ್ದನ್ನು ಅವಳು ಸಂಕೋಚವೆಂದು ತಿಳಿದಿದ್ದಳು. ರಾಚಯ್ಯನ ತಾಟಿನಲ್ಲಿ ಶೇಂಗಾ ಹೋಳಿಗೆ ಒಂದರ ಮೇಲೊಂದು ಕೂತಿದ್ದವು. ಪಕ್ಕದಲ್ಲಿ ಎಣ್ಣೆಗಾಯಿ, ಕಡಲೆಬೇಳೆಯ ಕೋಸಂಬರಿ, ಉಪ್ಪಿನಕಾಯಿ, ಮೇಲೆ ಕೊಡೆ ಹಿಡಿದಂತೆ ಹಪ್ಪಳ. ಕೆಂಪು ದಾರದ ಡಬ್ಬಿಗಳೆಲ್ಲ ಒಟ್ಟಾಗಿ ಮೋರ್ಚಾ ಬಂದಂತಿತ್ತು. ರಾಚಯ್ಯ ಆಗಲೇ ಒಂದು ಹೋಳಿಗೆಯ ಅಂಚು ಮುರಿದು ಬಾಯಿಗೆ ಹಾಕಿಕೊಂಡಿದ್ದ. ಅವನ ಮುಖದಲ್ಲಿ ಮದುಮಗನ ಕಳೆ.

ಬಸಯ್ಯ ಪಕ್ಕದಲ್ಲಿ ಕುಕ್ಕರಿಸಿ ಪಿಸುಗುಟ್ಟಿದ. “ಕೈ ತಗೀರಿ!”

“ನೀಡಿಬಿಟ್ರಲ್ಲೋ. ಪ್ರಸಾದಪಾ! ಬಿಡಾಕ ಬರ್ತೈತೇನು?”

“ಬಿಡಬ್ಯಾಡ್ರಿ. ತಾಟ ಈ ಕಡೆ ತಳ್ರಿ.”

“ನೀ ಪ್ರಸಾದ ಗಿಸಾದ ನಂಬಾವಲ್ಲ ಅಂತೀಯಲ್ಲ?”

“ತಳ್ಳತೀರೋ ಇಲ್ಲೋ? ನೀವು ಇದನ್ನ ತಿಂದ್ರ ನಾಳೆ ಕಾಲ ಬಾಯ್ತಾವು. ಕಾಲ ಬಾತ್ರ ನೀವು ದೀಪಾವಳಿಗೂ ನಮ್ಮ ಪಡಸಾಲ್ಯಾಗ ಇರ್ತೀರಿ!”

ರಾಚಯ್ಯ ಹೋಳಿಗೆಯ ಕಡೆಗೆ, ಸತ್ತವರ ಕಡೆಗೆ ನೋಡುವಂತೆ ಕೊನೆಯದಾಗಿ ನೋಡಿ, ತಾಟು ತಳ್ಳಿದ. ಶಂಕ್ರಪ್ಪ ಪಕ್ಕದಲ್ಲಿಟ್ಟು ಹೋಗಿದ್ದ ತನ್ನ ಬುತ್ತಿ ಬಿಚ್ಚಿಕೊಂಡ.

ಮುಂದಿನದು ಬಸಯ್ಯನ ಹೋರಾಟದ ಜೀವನದಲ್ಲೇ ಅತ್ಯಂತ ಕಠಿಣ ಹೋರಾಟ. ಮೊದಲು ರಾಚಯ್ಯನ ತಾಟು ಬರಿದು ಮಾಡಿದ. ಅಷ್ಟರಲ್ಲಿ ಸೋಮವ್ವ ಅವನ ಸ್ವಂತ ತಾಟಿಗೂ ಅಷ್ಟೇ ನೀಡಿಹೋಗಿದ್ದಳು, ಅದೂ ಪ್ರಸಾದ. ಹೋಳಿಗೆ ಗಂಟಲಿನಿಂದ ಕೆಳಗಿಳಿಯಲು ಸರದಿ ಕಾಯತೊಡಗಿತು. ಧೋತರದ ಗಂಟು ಸಡಿಲಿಸಿದ, ಇನ್ನೊಮ್ಮೆ ಸಡಿಲಿಸಿದ, ಮೂರನೆಯ ಸಲ ಸಡಿಲಿಸಿದರೆ ಮಾನ ಹೋಗುವ ಹಂತಕ್ಕೆ ಬಂದ. ಕೊನೆಗೆ ಉಳಿದದ್ದು ತಾಟು ತೊಳೆದ ನೀರು. ರಾಚಯ್ಯನ ಅಂದಿನ ನೀರಿನ ಪಾಲು ಮುಗಿದಿತ್ತು. ಬಸಯ್ಯ ಕಣ್ಣು ಮುಚ್ಚಿ, ರಾಚಯ್ಯನ ತಾಟನ್ನು ಎರಡೂ ಕೈಯಲ್ಲಿ ಎತ್ತಿ, ತೊಳೆದ ನೀರನ್ನು ಗಟಗಟ ಕುಡಿದ.

ಕುಡಿದು ತಾಟು ಇಳಿಸಿದಾಗ ಪಡಸಾಲೆಯವರ ಕಣ್ಣೆಲ್ಲ ಅವನ ಮೇಲಿತ್ತು.

ಅವನು ಅದನ್ನು ಗಮನಿಸಲಿಲ್ಲ. ಒಂದು ತುಣುಕು ಹೋಳಿಗೆ ರಾಚಯ್ಯನ ಹೊಟ್ಟೆಗೆ ಹೋಗಿತ್ತಲ್ಲ, ಅದರಿಂದಲೇ ಕಾಲು ಬಾತರೆ? ಗಾಬರಿಯಲ್ಲಿ ಬಗ್ಗಿ, ರಾಚಯ್ಯನ ಹರಡಿನ ಮೇಲೆ ಎರಡೂ ಹೆಬ್ಬೆರಳು ಇಟ್ಟು ಒತ್ತಿ, ಹಣೆ ತಾಗುವಷ್ಟು ಹತ್ತಿರ ಮುಖ ತಂದು ಕುಳಿ ನೋಡಿದ.

“ಶಿವಶಿವಾ!” ಎಂದು ಸೋಮವ್ವ ಕೂಗಿದಳು. “ನೋಡ್ರಪಾ ಭಕ್ತೀ! ಹಿರೀರ ಶೇಷ ತಾ ಉಂಡ್ರು, ತಾಟ ತೊಳದ ನೀರ ಕುಡದ್ರು, ಪಾದಕ್ಕ ಹಣಿ ಹಚ್ಚಿದ್ರು! ಗುರು ಅಂದ್ರ ಅವ್ರು, ಶಿಷ್ಯ ಅಂದ್ರ ಇವ್ರು!”

ಬಸಯ್ಯ ತಲೆಯೆತ್ತಿ ಬಾಯಿ ತೆರೆದ. ಬಾಯಿಂದ ಮಾತು ಬರಲಿಲ್ಲ, ದೊಡ್ಡದೊಂದು ತೇಗು ಬಂತು. ಅದನ್ನು ಸೋಮವ್ವ ಓಂಕಾರವೆಂದು ತಿಳಿದಿರಬೇಕು, ಕೈಮುಗಿದಳು.

ನೇಕಾರರ ಸಂಘದಲ್ಲಿ ಒಂದು ಶಿಸ್ತು ಇತ್ತು. ಅದನ್ನು ಕಲಿಸಿದವನೂ ಬಸಯ್ಯನೇ. ಕಾರ್ಯದರ್ಶಿ ಏನು ಮಾಡುತ್ತಾನೋ ಸದಸ್ಯರೆಲ್ಲ ಅದನ್ನೇ ಮಾಡಬೇಕು, ಪ್ರಶ್ನೆ ಆಮೇಲೆ. ಶಂಕ್ರಪ್ಪ ಮೊದಲು ಅಡ್ಡಬಿದ್ದ. ಅವನ ಹಿಂದೆ ಸಂಘವೇ ಸಾಲುಗಟ್ಟಿತು. ಲಾಠಿಗೆ ಬಗ್ಗದ ತಲೆಗಳು ಒಂದೊಂದಾಗಿ ಹುನಗುಂದ ಕೋರ್ಟಿನ ಬೇಲಿಫನ ಕಾಲಿಗೆ ಬಗ್ಗಿದವು. ರಾಚಯ್ಯ ಚಿನ್ನದ ಹಲ್ಲು ತೋರಿಸುತ್ತ ಎಲ್ಲರ ತಲೆಯ ಮೇಲೂ ಕೈಯಿಟ್ಟ. ಬಸಯ್ಯನ ತಲೆಯ ಮೇಲೆ ತುಸು ಹೆಚ್ಚು ಹೊತ್ತು ಇಟ್ಟ.

ಹೊಟ್ಟೆನೋವಿನಿಂದ ಬಸಯ್ಯ ಮೂರು ದಿನ ಅಂಬಲಿ ಕುಡಿದ. ಆದರೆ ನಾಲ್ಕನೆಯ ದಿನ ಬಾಗಲಕೋಟೆಗೆ ಮೂವರೂ ಹೋದಾಗ ಅವನ ಮುಖ ಬೆಳಗುತ್ತಿತ್ತು. ಕಾಲಿನಲ್ಲಿ ಕುಳಿ ಬೀಳುತ್ತಿರಲಿಲ್ಲ!

ಡಾಕ್ಟರು ಒತ್ತಿ ನೋಡಿದರು, ರಕ್ತದ ತಪಾಸಣೆಯನ್ನೂ ನೋಡಿದರು. “ಭೇಷ್! ಪಥ್ಯ ಯಾರ ನೋಡಿಕೋತಾರ?”

“ನಮ್ಮವ್ರ್ರಿ,” ಎಂದಳು ಗುರುಲಿಂಗವ್ವ. “ಉಪ್ಪ ಹಾಕಾಕ ಬಿಡಂಗಿಲ್ಲ, ನೀರ ಕುಡ್ಯಾಕ ಬಿಡಂಗಿಲ್ಲ. ನನಗಿಂತ ಖಡಕ್ ಅದಾರ್ರಿ.”

ಬಸಯ್ಯ ಇದಾವುದನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. “ಬಾವು ಪೂರಾ ಇಳದೈತಲ್ರಿ ಡಾಕ್ಟರ, ಇನ್ನ ಇವ್ರು ತಮ್ಮೂರಿಗೆ ಹೋಗಾಕ ಅಡ್ಡಿ ಇಲ್ಲಲ್ರಿ?”

ಡಾಕ್ಟರು ಕನ್ನಡಕ ತೆಗೆದರು. “ಇದು ಜ್ವರ ಅಂತ ತಿಳದೀರೇನು, ಬಿಟ್ಟು ಹೋಗಾಕ? ಬಾವು ಇಳದೈತಿ, ಜಡ್ಡ ಹೋಗಿಲ್ಲ. ಪಥ್ಯ ಇದ್ದಷ್ಟ ದಿನ ಕಿಡ್ನಿ, ಕಿಡ್ನಿ ಇದ್ದಷ್ಟ ದಿನ ಇವ್ರು. ಮತ್ತ ಖಾನಾವಳಿಗೆ ಹೋದ್ರ ತಿಂಗಳೊಪ್ಪತ್ತಿನ್ಯಾಗ ಕಾಲ ಮೊದಲಿನಂಗ ಆಕ್ಕಾವು. ಇಂಥಾ ಮನಿ, ಇಂಥಾ ಮನುಷ್ಯಾ ಸಿಗಾಕ ಪುಣ್ಯಾ ಮಾಡಿರ್ಬೇಕು. ನೀವ ಇವ್ರನ್ನ ಕೈ ಬಿಡಬ್ಯಾಡ್ರಿ ಅಷ್ಟ.”

ಬಸಯ್ಯ ಕುರ್ಚಿಯ ಮೇಲೆ ಕೂತ. ಅದು ಡಾಕ್ಟರದ್ದಾಗಿತ್ತು.

“ಹುನಗುಂದ ಎಷ್ಟ ದೂರ ಬಿಡ್ರಿ,” ಎಂದ ರಾಚಯ್ಯ ಸಮಾಧಾನದಿಂದ. “ಇಳಕಲ್ಲಿಂದ ಮುಂಜಾನಿ ಬಸ್ಸಿಗೆ ಹೋಗಿ ಸಂಜಿಕ ಬರ್ತೇನಿ.”

ಹೀಗೆ ರಾಚಯ್ಯ ಉಳಿದ. ಅವನ ಜೊತೆ ಕೀರ್ತಿಯೂ ಉಳಿಯಿತು. ಗುರುಶಿಷ್ಯರ ಕತೆ ಇಳಕಲ್ಲಿನ ಓಣಿ ಓಣಿ ಸುತ್ತಿ, ಎಲ್ಲ ಮನೆಗಳಿಂದಲೂ ಜೋಡಿಯಾಗಿಯೇ ಕರೆ ಬರತೊಡಗಿತು. ಮೊದಲ ಕರೆಯ ದಿನ ಬಸಯ್ಯ ಜುಬ್ಬಾ ಹಾಕಿಕೊಂಡು ಹೊರಡುವಾಗ, ಗುರುಲಿಂಗವ್ವ ಅಡುಗೆಮನೆಗೆ ಕರೆದು, ಎದುರು ಕೂರಿಸಿಕೊಂಡು ಅವನ ಬಲಗೈ ಹಿಡಿದಳು. ಅವಳ ಇನ್ನೊಂದು ಕೈಯಲ್ಲಿ ಸೆರಗಿನ ಕೆಂಪು ರೇಷ್ಮೆ ದಾರ.

“ಇದೇನ ಗುರವ್ವಾ?”

“ನೀಡಾವ್ರಿಗೆ ಗುರ್ತ ಆಗಬ್ಯಾಡೇನು? ಮಾವನ ಕೈಗೆ ಹಸರ ಕಟ್ಟೇನಿ. ಕೆಂಪದ್ದೆಲ್ಲಾ ಈ ತಾಟಿಗೆ ಅಂತ ಓಣ್ಯಾಗ ಹೇಳೇನಿ.”

“ನಾ ಏನ ಡಬ್ಬಿ ಅಂತ ತಿಳದಿಯೇನು!”

“ನನಗೂ ಒಂದ ದಾರ ಬೇಕ ಅಂತ ಕುಣೀತಿದ್ರಿ. ನೆನಪೈತಿಲ್ಲೋ?”

ಬಸಯ್ಯ ಉತ್ತರಿಸಲು ಹೋದ. ಅವಳು ಆಗಲೇ ಅವನ ಮುಂಗೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡು, ಬಗ್ಗಿ, ಗಂಟು ಹಾಕುತ್ತಿದ್ದಳು. ದಾರದ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯುವಾಗ ಅವಳ ಉಸಿರು ಅವನ ಕೈಗೆ ತಾಗಿತು. ಕಸಬರಿಗೆಯ ಮಧ್ಯಸ್ಥಿಕೆ ಇಲ್ಲದೆ ತಾಗಿತು.

ಅಂಗಳದಿಂದ ರಾಚಯ್ಯ ಕೂಗಿದ. “ಬಾರಲೇ ಕೆಂಪ ಡಬ್ಬೀ, ಹೊತ್ತಾತು! ಅಲ್ಲಿ ಶೇಂಗಾ ಹೋಳಿಗಿ ಐತಂತ!”

ಬಸಯ್ಯನಿಗೆ ಮೂರು ದಿನದ ಅಂಬಲಿ ನೆನಪಾಯಿತು. ಅವನು ಕೈಯನ್ನು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

“ಸಡ್ಲ ಆಗೇತಿ ಗುರವ್ವಾ,” ಎಂದ. “ಇನ್ನೊಂದ ಗಂಟ ಹಾಕು.”